ಕೊಬ್ಬರಿ ದಕ್ಕದ ನಾಯಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನಮ್ಮ ತೋಟದ ಅಷ್ಟೂ ತೆಂಗಿಗೆ ಹುಳ ಬೀಳಲಿ. ಇಂಥ ವಿಚಿತ್ರಗಳು ನಮ್ಮ ಮನೆಯನ್ನೇ ಹುಡುಕಿಕೊಂಡು ಬರುತ್ತಲೇ ಇರುತ್ತವೆ, ನಾನೇನು ಮಾಡಲಿ? ಎಪ್ಪತ್ತರ ದಶಕದ ಕೊನೆಗೆ ಬಂದದ್ದು ಒಂದು ನಾಯಿ.

೧. ಗಾಣ

ಹೊನ್ನವಳ್ಳಿ ಸುತ್ತಿನ ಹತ್ತೂರಿಗೆ ಮೊದಲ ಅಲ್ಸೇಷಿಯನ್ ತಂದವನು ನಾನೇ. ಮುತ್ತಾತನವರೆಗೂ ವಂಶಾವಳಿ ಬರೆದ ಕಾಗದ ಅದಕ್ಕಿತ್ತು, ನನಗೇ ಇರಲಿಲ್ಲ. ಹೆಸರು ರಾಜ. ಗುಡ್ಡದಷ್ಟು ಮುದ್ದೆ ತಿಂದರೂ ಪಕ್ಕೆಲುಬು ಎಣಿಸಬಹುದಿತ್ತು.

ಸೊರಗಿದ್ದು ಮಗುವಾಗಲಿ ಎಮ್ಮೆಯಾಗಲಿ, ನಮ್ಮ ಕಡೆ ಮದ್ದು ಕೊಬ್ಬರಿಯೇ. ದಿನಾ ಹಾಕಿದೆವು. ಇನ್ನೂ ಸೊರಗಿತು. ಹೋದಲ್ಲೆಲ್ಲ ಎಣ್ಣೆ ತೇಲುವ ಭೇದಿ. ಪಕ್ಕದ ತೋಟದ ಯಜಮಾನರು ಮೂಗು ಮುಚ್ಚಿಕೊಂಡು, "ನೀನು ಸಾಕಿರೋದು ನಾಯಲ್ಲ ಕಣಪ್ಪ, ಗಾಣ. ಗಾಣದಲ್ಲಾದ್ರೆ ಹಿಂಡಿನಾದ್ರೂ ಒಳಗೆ ಉಳೀತದೆ" ಎಂದರು.

೨. ದೊಡ್ಡ ವಂಶ

ತಿಪಟೂರಿನ ಪಶುವೈದ್ಯರು ಹೊಟ್ಟೆ ಅದುಮಿ ನೋಡಿ, "ಜಿಡ್ಡು ಕರಗಿಸೋ ರಸಾನೇ ಇದಕ್ಕೆ ಊರಲ್ಲ. ಈ ಜಾತಿ ನಾಯಿಗಳಿಗೆ ವಂಶದಿಂದ ಬರೋ ಕಾಯಿಲೆ. ಹಿಂಗೇ ಬಿಟ್ರೆ ಉಳಿಯಲ್ಲ" ಎಂದರು.

ನಾನು ಕಾಗದ ತೆಗೆದು ತೋರಿಸಿದೆ. "ಮತ್ತೆ! ಬೀದಿನಾಯಿಗೆ ಇಂಥ ಕಾಯಿಲೆ ಬರ್ತದಾ ಸಾರ್?"

ಅವರು ನಗದೆ ಪಥ್ಯ ಹೇಳಿದರು. ಕೊಬ್ಬರಿ ಚೂರೂ ಮುಟ್ಟಿಸಬಾರದು. ಕಸಾಯಿ ಅಂಗಡಿಯಿಂದ ಕುರಿಯಲ್ಲಿ ಆ ರಸ ಊರುವ ಮೇದೋಜೀರಕ ಗ್ರಂಥಿ ತಂದು, ಹಸಿಯಾಗಿ ಅರೆದು, ಅನ್ನಕ್ಕೆ ಕಲಸಬೇಕು.

ಜೊತೆಗೆ ಬಂದಿದ್ದ ನನ್ನ ಹೆಂಡತಿ ಬೆಚ್ಚಿಬಿದ್ದಳು. "ಡಾಕ್ಟ್ರೇ, ನಾವು ಲಿಂಗ ಕಟ್ಟಿದೋರು ಕಣ್ರೀ!"

"ನಾಯಿ ಕಟ್ಟಿಲ್ಲವಲ್ಲ ತಾಯಿ."

೩. ಮೂರು ಪಾಲು

ತಲೆಗೆ ಟವೆಲ್ ಸುತ್ತಿಕೊಂಡು ಹೋದೆ. ಕಸಾಯಿಯವನು, "ಬನ್ನಿ ಯಜಮಾನ್ರೇ, ಅಪರೂಪ!" ಎಂದು ಇಡೀ ಬೀದಿಗೆ ಕೇಳುವಂತೆ ಕರೆದ. ಕೊಟ್ಟಿಗೆಯ ಹಿಂದೆ ಬೇರೆ ಒರಳು ಹಾಕಿದೆವು. ತಿಂಗಳಲ್ಲಿ ರಾಜನ ಪಕ್ಕೆ ತುಂಬಿಕೊಂಡಿತು. ಆಮೇಲೆ ಯಾಕೋ ಮತ್ತೆ ಇಳಿಯುತ್ತಾ ಬಂತು. ಒಂದು ಬೆಳಗ್ಗೆ ಏಳಲೇ ಇಲ್ಲ.

ಅವ್ವ ಅತ್ತಳು. "ಕೊಬ್ಬರಿ ಕಂಡ್ರೆ ಹೆಂಗೆ ಬಾಲ ಆಡಿಸ್ತಿತ್ತು ಕಣ್ಲಾ. ನಿಮಗೆ ಕಾಣದಂಗೆ ದಿನಾ ಒಂದು ಚೂರು ಹಾಕ್ತಿದ್ದೆ."

ಹೆಂಡತಿ ಕಣ್ಣೊರೆಸಿಕೊಂಡಳು. "ನಾನೂ ಅರ್ಧ ಹೋಳು ಹಾಕ್ತಿದ್ದೆ ಅತ್ತೆ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಗುದ್ದಲಿ ತರಲು ಹೋದೆ. ನಾನು ಹಾಕುತ್ತಿದ್ದದ್ದು ಇಡೀ ಉಂಡೆ.

೪. ರಾಜನ ಮರ

ತೋಟದ ಮೂಲೆಯ ಬರಡು ತೆಂಗಿನ ಬುಡದಲ್ಲಿ ಮಣ್ಣು ಮಾಡಿದೆವು. ಎರಡೇ ವರ್ಷಕ್ಕೆ ಆ ಮರ ಬಿಂದಿಗೆ ಗಾತ್ರದ ಕಾಯಿ ಬಿಟ್ಟಿತು. ಒಡೆದರೆ ತಿರುಳೇ ಇಲ್ಲ, ಬರೀ ನೀರು! ಪಕ್ಕದ ಯಜಮಾನರು ಒಳಗೆ ಇಣುಕಿ, "ನಾಯಿ ಕಾಯಿಲೆ ಮರಕ್ಕೂ ಹತ್ತೈತೆ ಕಣಪ್ಪ, ಜಿಡ್ಡು ಹಿಡೀತಿಲ್ಲ. ಟವೆಲ್ ಸುತ್ಕೊ, ಕಸಾಯಿ ಅಂಗಡಿಗೆ ನಡಿ" ಎಂದರು. ಸಂತೆಯಲ್ಲಿ ಇದನ್ನು ಹೇಳಿದಾಗಲೆಲ್ಲ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ.

ಹುಳದ ಆಣೆ ಇಟ್ಟಿದ್ದೇನಲ್ಲ, ಒಂದು ಸಣ್ಣದನ್ನು ಒಪ್ಪಿಕೊಂಡುಬಿಡುತ್ತೇನೆ. ಆ ಮರದ ಕಾಯಿಗೆ ತಿರುಳಿತ್ತು. ಅಷ್ಟು ದಪ್ಪ ಕೊಬ್ಬರಿ ಇಡೀ ತೋಟದಲ್ಲೇ ಇರಲಿಲ್ಲ. ನಮ್ಮ ಮೂವರಿಗೇ ಅದು ಗಂಟಲಲ್ಲಿ ಇಳಿಯಲಿಲ್ಲ.