ಅಪಘಾತವಾದಲ್ಲಿ ಮಾಡತಕ್ಕದ್ದು

ಮೆಲಿಗೊಸ್ ದ್ವೀಪದಲ್ಲಿ ಬಾಡಿಗೆ ಕಾರಿನ ಅಂಗಡಿ ಒಂದೇ ಇದೆ, ಅದರ ಮಾಲೀಕ ಥ್ರಾಸಿವುಲೊಸ್. ಅಂಗಡಿಯ ಗೋಡೆಯ ಮೇಲೆ ‘ಅಪಘಾತವಾದಲ್ಲಿ ಮಾಡತಕ್ಕದ್ದು’ ಎಂಬ ಫಲಕವಿದೆ. ಅದು ನಾಲ್ಕು ಭಾಷೆಗಳಲ್ಲಿದ್ದು, ಅರ್ಥದಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಗ್ರೀಕ್ ಭಾಷೆಯದನ್ನೇ ಅಂತಿಮವೆಂದು ಭಾವಿಸತಕ್ಕದ್ದು.

ನಿಯಮ ಒಂದು: ಕಾರನ್ನು ಇದ್ದ ಜಾಗದಿಂದ ಒಂದಂಗುಲವೂ ಕದಲಿಸತಕ್ಕದ್ದಲ್ಲ. ನಿಯಮ ಎರಡು: ಪ್ರಕರಣ ಮುಗಿಯುವವರೆಗೆ ಕಾರಿನೊಳಗಿನ ಯಾವ ವಸ್ತುವನ್ನೂ ಹೊರತೆಗೆಯತಕ್ಕದ್ದಲ್ಲ. ಮೂರು: ಯಾರಿಗೂ, ಯಾವ ಕಾರಣಕ್ಕೂ ‘ಕ್ಷಮಿಸಿ’ ಎನ್ನತಕ್ಕದ್ದಲ್ಲ. ನಾಲ್ಕು: ಪೊಲೀಸ್ ಮಹಜರು ಆಗತಕ್ಕದ್ದು. ಐದು: ಎದುರು ಪಕ್ಷದ ರುಜು ಪಡೆಯಲು ಬಾಡಿಗೆದಾರರು ತಮ್ಮ ಕೈಲಾದದ್ದನ್ನೆಲ್ಲ ಮಾಡತಕ್ಕದ್ದು, ಈ ಬಗ್ಗೆ ಮಾಲೀಕರ ತಕರಾರು ಇರುವುದಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ವಿಮೆ ರದ್ದು.

ಪ್ರವಾಸಿಗಳಿಲ್ಲದ ಒಂದು ಚಳಿಗಾಲದಲ್ಲಿ ಥ್ರಾಸಿವುಲೊಸ್ ಇವನ್ನೆಲ್ಲ ತಾನೇ ಕೂತು ಬರೆದಿದ್ದ. ಬರೆಯಲು ಕಾರಣ ಅವನ ಬಿಳಿ ಕಾರಿನ ಬಂಪರಿನ ಎಡಮೂಲೆಯಲ್ಲಿದ್ದ ಬಿರುಕು. ಅದನ್ನು ಮೊದಲ ಸಲ ಮಾಡಿದವನು ಅವನೇ, ಬಂದರಿನಲ್ಲಿ ಮೀನಿನ ಬುಟ್ಟಿ ಇಳಿಸುವಾಗ. ಆಮೇಲೆ ಪ್ರತಿ ಬೇಸಿಗೆಯಲ್ಲೂ ಯಾರಾದರೊಬ್ಬ ಪ್ರವಾಸಿ ಅದನ್ನು ಹೊಸದಾಗಿ ಮಾಡಿರುವುದಾಗಿ ದಾಖಲಾಗುತ್ತಿತ್ತು. ಊರಿನವರಿಗೆ ಆಲಿವ್ ಮರ ಹೇಗೋ ಅವನಿಗೆ ಆ ಬಿರುಕು ಹಾಗೆ. ನೀರು ಕೇಳುವುದಿಲ್ಲ, ವರ್ಷವರ್ಷವೂ ಫಲ ಕೊಡುತ್ತದೆ.

ಥ್ರಾಸಿವುಲೊಸನಿಗೆ ಬಿರುಕಿಗಿಂತ ಪ್ರಿಯವಾದ ವಸ್ತು ಲೋಕದಲ್ಲಿ ಒಂದೇ ಇತ್ತು. ಅದು ಅವನ ಹೆಸರು. ಮೆಲಿಗೊಸ್‌ನಲ್ಲಿ ಆ ಹೆಸರಿನವರು ಬೇರೆ ಯಾರೂ ಉಳಿದಿರಲಿಲ್ಲ. ಅವನು ಕಣ್ಣು ಮುಚ್ಚಿದರೆ, ಬಂದರಿನಲ್ಲಿ ನಿಂತು ‘ಥ್ರಾಸೋ’ ಎಂದು ಕೂಗಿದರೆ ತಿರುಗಿ ನೋಡುವ ಒಂದು ತಲೆಯೂ ಇರುವುದಿಲ್ಲ. ಆದರೆ ಮಗನಿಗೆ ಗಂಡು ಮಗು ಹುಟ್ಟಿತ್ತು. ಮೊದಲ ಮೊಮ್ಮಗನಿಗೆ ತಾತನ ಹೆಸರು ಎಂಬುದು ಮೆಲಿಗೊಸ್‌ನಲ್ಲಿ ಯಾವ ಫಲಕದಲ್ಲೂ ಬರೆಯದ ನಿಯಮ. ಪಾದ್ರಿಗಳು ನೀರಿನಲ್ಲಿ ಮುಳುಗಿಸಿ ಜ್ಞಾನಸ್ನಾನ ಮಾಡಿಸುವವರೆಗೆ ಮಗುವಿಗೆ ಹೆಸರಿಲ್ಲ. ಅದು ಓಡಾಡಲು ಕಲಿತು, ಅಂಗಡಿಯ ಕಾರಿನ ಕೀಲಿಗಳನ್ನು ಸಮುದ್ರಕ್ಕೆ ಎಸೆಯುವಷ್ಟು ದೊಡ್ಡದಾಗಿದ್ದರೂ ಎಲ್ಲರೂ ಅದನ್ನು ‘ಮಗು’ ಎಂದೇ ಕರೆಯುತ್ತಿದ್ದರು. ಸ್ನಾನದ ಹೊತ್ತಿಗೆ ಮಗುವನ್ನು ಎತ್ತಿಕೊಳ್ಳಬೇಕಾದ ಜ್ಞಾನತಾಯಿಗೆ ರಜೆ ಸಿಕ್ಕಿರಲಿಲ್ಲ, ಅದಕ್ಕೇ ತಡ.

ಜ್ಞಾನತಾಯಿ ರಾಡೊಸ್ತಿನಾ, ಬಲ್ಗೇರಿಯಾದ ರುಸೆ ಊರಿನ ಔಷಧ ಅಂಗಡಿಯವಳು, ಸೊಸೆಯ ಗೆಳತಿ. ಹಿಂದೆ ಕೆಲವು ಬೇಸಿಗೆ ಇಲ್ಲಿಯ ಹೋಟೆಲಿನಲ್ಲಿ ದುಡಿದಿದ್ದರಿಂದ ಭಾಷೆಯೂ ಬರುತ್ತಿತ್ತು, ಬೈಗುಳವೂ ಬರುತ್ತಿತ್ತು. ಮಗುವಿನ ಬಟ್ಟೆ, ಶಿಲುಬೆ, ಎಣ್ಣೆ, ಮೇಣದಬತ್ತಿ, ಟವೆಲು ಎಲ್ಲವನ್ನೂ ಜ್ಞಾನತಾಯಿಯೇ ತರಬೇಕು. ಸ್ನಾನದ ಕೊಪ್ಪರಿಗೆಯ ಮುಂದೆ ಹೆಸರನ್ನು ಗಟ್ಟಿಯಾಗಿ ಹೇಳುವವಳೂ ಅವಳೇ. ಅವಳ ಬಾಯಿಂದ ಬಂದದ್ದೇ ಹೆಸರು. ಅದನ್ನು ಬಿಷಪ್ಪರೂ ತಿದ್ದುವ ಹಾಗಿಲ್ಲ.

ಶುಕ್ರವಾರ ಹಡಗಿನಿಂದಿಳಿದ ಅವಳಿಗೆ ಥ್ರಾಸಿವುಲೊಸ್ ಬಿಳಿ ಕಾರು ಕೊಟ್ಟ. ಬಾಡಿಗೆ ತೆಗೆದುಕೊಂಡದ್ದಕ್ಕೆ ಹೆಂಡತಿ ಕಲಿರೊಯಿ ಮುಖ ಸಿಂಡರಿಸಿದಾಗ, ನೆಂಟಸ್ತಿಕೆ ಬೇರೆ ವ್ಯವಹಾರ ಬೇರೆ ಎಂದು ತಿಳಿಸಿದ. ನೆಂಟಸ್ತಿಕೆಯ ಲೆಕ್ಕಕ್ಕೆ ಕಾರನ್ನು ತೊಳೆಸಿದ್ದ.

ಶನಿವಾರ ಮಧ್ಯಾಹ್ನ ಗಾಳಿಗಿರಣಿಯ ತಿರುವಿನಲ್ಲಿ ಒಂದು ಮೇಕೆ ರಸ್ತೆಯ ನಡುವೆ ಕೂತಿತ್ತು. ರಾಡೊಸ್ತಿನಾ ಅದನ್ನು ತಪ್ಪಿಸಿದಳು. ತಪ್ಪಿಸಿದ ಕಾರು ಬದಿಯಲ್ಲಿದ್ದ ಸಂತ ಫನುರಿಯೊಸರ ಗುಡಿಗೆ ಮೆಲ್ಲಗೆ ತಾಗಿತು. ಕಂಬದ ಮೇಲೆ ತಗಡಿನ ಪೆಟ್ಟಿಗೆ, ಒಳಗೆ ಎಣ್ಣೆದೀಪ, ಸಂತರ ಚಿತ್ರಪಟ, ಅಷ್ಟೇ ಗುಡಿ. ಸಂತ ಫನುರಿಯೊಸರು ಕಳೆದುಹೋದದ್ದನ್ನು ಹುಡುಕಿ ಕೊಡುವವರು. ಏನಾದರೂ ಕಳೆದರೆ ಊರವರು ಕೇಕ್ ಬೇಯಿಸಿ ಅವರ ಮುಂದಿಟ್ಟು ಬೇಡಿಕೊಳ್ಳುತ್ತಾರೆ. ಪೆಟ್ಟಿಗೆಯ ಗಾಜು ಒಡೆದು, ಚಿತ್ರಪಟದಲ್ಲಿ ಸಂತರ ಕೆನ್ನೆಗೆ ಗೀರು ಬಿತ್ತು. ರಾಡೊಸ್ತಿನಾ ಮಾಲೀಕನಿಗೆ ಫೋನು ಮಾಡಿದಳು.

“ಮಾವ, ಕಾರು ತಾಗಿಸ್ಬಿಟ್ಟೆ.”

“ಏನೂ ಮುಟ್ಬೇಡ,” ಎಂದ ಥ್ರಾಸಿವುಲೊಸ್. ಆಮೇಲೆ ನೆನಪಾಗಿ, “ಪೆಟ್ಟಾಯ್ತಾ?” ಎಂದ.

“ನಂಗೇನಿಲ್ಲ. ಬಂಪರಿಗೆ.”

“ಎಡಮೂಲೇನಾ?”

“ಹೂಂ. ಆದ್ರೆ ಮಾವ, ಅದು ಮೊದ್ಲೇ ಬಿರುಕು ಬಿಟ್ಟಿತ್ತಲ್ಲ.”

“ಮೂರನೇ ನಿಯಮ ನೆನಪಿಟ್ಕೋ. ಜಾಸ್ತಿ ಮಾತು ಬೇಡ.”

ಅವನು ಬಂದು ನೋಡಿ, ಠಾಣೆಗೆ ಫೋನು ಮಾಡಿದ. ಠಾಣೆಯ ಮುಖ್ಯಸ್ಥನೂ ಸಿಬ್ಬಂದಿಯೂ ಆದ ಸ್ಟ್ರಾಟಿಸ್, ಗಾಯಾಳು ಇಲ್ಲದ ಅಪಘಾತಕ್ಕೆ ಪೊಲೀಸರು ಹೋಗತಕ್ಕದ್ದಲ್ಲ ಎಂಬ ಹೊಸ ಸುತ್ತೋಲೆ ಬಂದಿರುವುದಾಗಿ ತಿಳಿಸಿದ. ಮಹಜರಿಲ್ಲದೆ ಅಥೆನ್ಸಿನ ವಿಮೆ ಕಂಪನಿ ಬಂಪರಿಗೆ ಬಿಡಿಗಾಸು ಕೊಡುವುದಿಲ್ಲ. ಥ್ರಾಸಿವುಲೊಸ್ ಸುತ್ತ ನೋಡಿದ. ರಾಡೊಸ್ತಿನಾ ಗುಂಡುಕಲ್ಲಿನ ಹಾಗಿದ್ದಳು. ಮೇಕೆ ಮೆಲುಕು ಹಾಕುತ್ತಿತ್ತು. ಆಗ ಅವನ ಕಣ್ಣು ಸಂತರ ಕೆನ್ನೆಯ ಮೇಲೆ ಬಿತ್ತು.

“ಇಲ್ಲೊಬ್ರಿಗೆ ಗಾಯ ಆಗಿದೆ,” ಎಂದ ಫೋನಿನಲ್ಲಿ.

“ಯಾರಿಗೆ?”

“ಸಂತ ಫನುರಿಯೊಸರಿಗೆ.”

ಸ್ಟ್ರಾಟಿಸ್ ಸ್ವಲ್ಪ ಯೋಚಿಸಿ, “ರಕ್ತ ಬರ್ತಿದೆಯಾ?” ಎಂದು ಕೇಳಿದ.

“ಬಣ್ಣ ಹೋಗಿದೆ.”

“ಅಲ್ಲೇ ಇರಿ. ಬಂದೆ.”

ಮಹಜರು ಕ್ರಮಬದ್ಧವಾಗಿ ನಡೆಯಿತು. ಗಾಯಾಳು: ಫನುರಿಯೊಸ್, ಗಂಡಸು, ನೋಡಲು ಯುವಕ. ವೃತ್ತಿ: ಕಳೆದದ್ದನ್ನು ಹುಡುಕುವುದು. ವಾಸ: ಗಾಳಿಗಿರಣಿಯ ತಿರುವು. ಸದರಿಯವರ ಕೈಯಲ್ಲಿ ಮೇಣದಬತ್ತಿ ಇದ್ದು, ಘಟನೆಯ ವೇಳೆ ಅದು ಉರಿಯುತ್ತಿತ್ತೋ ಇಲ್ಲವೋ ತಿಳಿದುಬಂದಿಲ್ಲ. ಗಾಯಾಳುವನ್ನು ಆರೋಗ್ಯ ಕೇಂದ್ರಕ್ಕೆ ಒಯ್ಯಲಾಯಿತು. ಅಲ್ಲಿಯ ವೈದ್ಯೆ, ರೋಗಿಯು ಪ್ರಶ್ನೆಗಳಿಗೆ ಉತ್ತರಿಸುತ್ತಿಲ್ಲ, ಆದರೆ ಮೊದಲೂ ಉತ್ತರಿಸುತ್ತಿರಲಿಲ್ಲವೆಂದು ಊರವರು ಹೇಳುವುದರಿಂದ ಸ್ಥಿತಿ ಸ್ಥಿರವಾಗಿದೆ ಎಂದು ಬರೆದುಕೊಟ್ಟಳು. ಸಂತರು ಅದೇ ಸಂಜೆ ತಿರುವಿಗೆ ಮರಳಿದರು.

ಅದೇ ಸಂಜೆ ಕಲಿರೊಯಿಗೆ ಇನ್ನೊಂದು ಸಂಗತಿ ಹೊಳೆಯಿತು. ಮಗುವಿನ ಬಟ್ಟೆ, ಶಿಲುಬೆ, ಎಣ್ಣೆ ಎಲ್ಲ ಬಿಳಿ ಕಾರಿನ ಡಿಕ್ಕಿಯಲ್ಲಿದ್ದವು. ಜ್ಞಾನಸ್ನಾನ ಮರುದಿನ. ಅವಳು ಗಂಡನಿಗೆ ಡಿಕ್ಕಿ ತೆಗೆದು ಸಾಮಾನು ಕೊಡಲು ಹೇಳಿದಳು. ಅವನು ಎರಡನೇ ನಿಯಮವನ್ನು ಓದಿ ಹೇಳಿದ.

“ಥ್ರಾಸೋ, ಆ ನಿಯಮ ಬರೆದೋನು ನೀನೇ ಅಲ್ವಾ?”

“ಅದಕ್ಕೇ ನಾನು ಮುರಿಯೋ ಹಾಗಿಲ್ಲ.”

“ನಿಂಗೆ ನಿನ್ನ ಹೆಸರು ಹೆಚ್ಚೋ, ಬಂಪರ್ ಹೆಚ್ಚೋ?”

“ಎರಡಕ್ಕೂ ಏನು ಸಂಬಂಧ?” ಎಂದ ಅವನು. ಆ ಹೊತ್ತಿಗೆ ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು.

ಇನ್ನು ಉಳಿದದ್ದು ಐದನೇ ನಿಯಮದ ಪ್ರಕಾರ ಎದುರು ಪಕ್ಷದ ರುಜು. ಸಂತರ ಪರವಾಗಿ ರುಜು ಹಾಕುವ ಅಧಿಕಾರ ಪಾದ್ರಿ ಯಾಕುಮಿಸರದು. ಅವರು ವಿಷಯವನ್ನು ಶಾಂತವಾಗಿ ಕೇಳಿ, ತಾವು ಈಗ ಗಾಯಾಳುವಿನ ಪ್ರತಿನಿಧಿಯಾಗಿರುವುದರಿಂದ, ರಾಜಿಯಾಗುವವರೆಗೆ ಎದುರು ಪಕ್ಷದವಳು ಎತ್ತಿಕೊಳ್ಳುವ ಮಗುವಿಗೆ ಸ್ನಾನ ಮಾಡಿಸುವುದು ಸಮಂಜಸವಾಗದು ಎಂದರು.

ಭಾನುವಾರ ಬೆಳಿಗ್ಗೆ ಪಿರೇಯಸ್ ಬಂದರಿನ ಹಡಗಿನಲ್ಲಿ ನೆಂಟರೆಲ್ಲ ಬಂದಿಳಿದರು. ಕುರಿಮರಿ ಆಗಲೇ ಬೆಂಕಿಯ ಮೇಲೆ ತಿರುಗುತ್ತಿತ್ತು, ಸಕ್ಕರೆ ಬಾದಾಮಿಯ ಪೊಟ್ಟಣಗಳನ್ನು ಕಟ್ಟಿಟ್ಟಾಗಿತ್ತು. ಸಾಮಾನು ಕೊಪ್ಪರಿಗೆಯ ಬಳಿಗೆ ಬರುವಂತಿಲ್ಲವಾದ್ದರಿಂದ ಕೊಪ್ಪರಿಗೆಯೇ ಸಾಮಾನಿನ ಬಳಿಗೆ ಹೋಗತಕ್ಕದ್ದೆಂದು ತೀರ್ಮಾನವಾಯಿತು. ನಾಲ್ವರು ಹೊತ್ತು ತಂದ ತಾಮ್ರದ ಕೊಪ್ಪರಿಗೆಯನ್ನು ಗಾಳಿಗಿರಣಿಯ ತಿರುವಿನಲ್ಲಿ, ಕಾರಿಗೂ ಗುಡಿಗೂ ನಡುವೆ ಇಳಿಸಲಾಯಿತು. ಮೇಕೆ ಜಾಗ ಬಿಟ್ಟುಕೊಟ್ಟಿತು. ನೆಂಟರು ಹೊಸ ಬಟ್ಟೆಯಲ್ಲಿ ಬಿಸಿಲಿಗೆ ಬೆವರುತ್ತ ರಸ್ತೆಯ ಎರಡೂ ಬದಿ ನಿಂತರು.

ಸಂತರ ಬೇಡಿಕೆ ಏನೆಂದು ರಾಡೊಸ್ತಿನಾ ಕೇಳಿದಳು. ಹೊಸ ಗಾಜು ಹಾಕಿಸುವುದಾಗಿಯೂ ಹೇಳಿದಳು. ಪಾದ್ರಿಗಳು ಗಾಜು ಬೇಡವೆಂದರು. ಅವರ ಮನಸ್ಸಿನಲ್ಲಿದ್ದದ್ದು ಬೇರೆ. ಸಂತರ ಹಬ್ಬದ ದಿನ ಆ ಹೆಸರಿನವರು ಊರಿಗೆಲ್ಲ ಊಟ ಹಾಕುವುದು ವಾಡಿಕೆ. ದೀಪಸ್ತಂಭ ಕಾಯುತ್ತಿದ್ದ ಮುದುಕ ಫನುರಿಯೊಸ್ ತೀರಿಕೊಂಡಂದಿನಿಂದ ಮೆಲಿಗೊಸ್‌ನಲ್ಲಿ ಆ ಹೆಸರಿನವರಿಲ್ಲ. ಹಬ್ಬದ ಖರ್ಚೆಲ್ಲ ಪಾದ್ರಿಗಳ ಮನೆಯದೇ.

“ಹೆಸರು ಇಟ್ಕೊಂಡೋರಿಲ್ದಿದ್ರೆ ಸಂತರಿಗೂ ಬೇಜಾರಾಗುತ್ತಮ್ಮ,” ಎಂದರು ಪಾದ್ರಿಗಳು, ಕೊಪ್ಪರಿಗೆಯ ನೀರಿನಲ್ಲಿ ಕೈಯಾಡಿಸುತ್ತ. “ಕೆನ್ನೆ ಗಾಯ ಮಾಯುತ್ತೆ. ಇದು ಮಾಯಲ್ಲ.”

ಎಲ್ಲರಿಗೂ ಅರ್ಥವಾಯಿತು. ಎಲ್ಲರೂ ಥ್ರಾಸಿವುಲೊಸನ ಕಡೆ ನೋಡಿದರು. ಅವನ ಮುಖ ತೊಳೆದ ಕಾರಿನಂತೆ ಬಿಳುಪಾಯಿತು.

“ಸ್ವಾಮಿ, ಅದು ನನ್ನ ಹೆಸರಿನ ಮಗು,” ಎಂದ.

“ಹಾಗಾದ್ರೆ ಬಂಪರ್ ಬಿಟ್ಬಿಡು, ಥ್ರಾಸೋ. ಪ್ರಕರಣ ಇಲ್ಲ, ಎದುರು ಪಕ್ಷ ಇಲ್ಲ. ಈಗ್ಲೇ ನಿನ್ನ ಹೆಸರು ಹಾಕಿ ಮುಳುಗಿಸ್ತೀನಿ.”

ಥ್ರಾಸಿವುಲೊಸ್ ಬಾಯಿ ತೆರೆದ. ಒಪ್ಪಿಕೊಳ್ಳಲೆಂದೇ ತೆರೆದಿದ್ದ ಎಂದು ಕಲಿರೊಯಿ ಈಗಲೂ ಹೇಳುತ್ತಾಳೆ. ಅಷ್ಟರಲ್ಲಿ ಸ್ಟ್ರಾಟಿಸ್ ಗಂಟಲು ಸರಿಮಾಡಿಕೊಂಡ. ದೂರನ್ನು ವಾಪಸು ಪಡೆಯಲು ಅವಕಾಶವಿದೆ, ಆದರೆ ಕಾರಣ ಬರೆಯತಕ್ಕದ್ದು ಎಂದ. ಇಲ್ಲಿ ಇರುವ ಕಾರಣ ಒಂದೇ, ಬಿರುಕು ಹಳೆಯದು ಎಂಬುದು. ಹಾಗೆ ಬರೆದರೆ, ಅದೇ ಬಿರುಕಿನ ಬಗ್ಗೆ ಹಿಂದಿನ ಬೇಸಿಗೆಗಳಲ್ಲಿ ಆದ ಮಹಜರುಗಳನ್ನೆಲ್ಲ ಮತ್ತೆ ತೆರೆಯಬೇಕಾಗುತ್ತದೆ.

“ಎಲ್ಲಾನೂ?” ಎಂದ ಥ್ರಾಸಿವುಲೊಸ್.

“ಎಲ್ಲಾನೂ. ಜರ್ಮನ್ ದಂಪತಿಗಳದ್ದು, ಆ ದಂತವೈದ್ಯನದ್ದು, ನಿನ್ನ ಬಾವಮೈದುನಂದು.”

ನೆಂಟರ ಗುಂಪಿನಲ್ಲಿದ್ದ ಬಾವಮೈದುನ ತಲೆಯೆತ್ತಿದ. ಥ್ರಾಸಿವುಲೊಸ್ ಬಾಯಿ ಮುಚ್ಚಿದ.

ರಾಡೊಸ್ತಿನಾ ಅವನ ಹತ್ತಿರ ಬಂದಳು. “ಮಾವ, ನೀವು ಬೇಡ ಅಂದ್ರೆ ನಾನು ಆ ಹೆಸರು ಹೇಳಲ್ಲ. ಐದನೇ ನಿಯಮ ಏನನ್ನುತ್ತೆ, ನೀವೇ ಹೇಳಿ.”

ಅವನು ನಿಯಮವನ್ನು ಗ್ರೀಕ್ ಭಾಷೆಯಲ್ಲಿ ಹೇಳಿಕೊಂಡ. ಆಮೇಲೆ ಉಳಿದ ಮೂರು ಭಾಷೆಗಳಲ್ಲೂ ಹೇಳಿಕೊಂಡು ನೋಡಿದ. ವ್ಯತ್ಯಾಸ ಕಂಡುಬರಲಿಲ್ಲ.

“ಮಾಲೀಕರ ತಕರಾರು ಇರೋದಿಲ್ಲ,” ಎಂದ ಕೊನೆಗೆ, ಬಂಪರಿನ ಕಡೆ ನೋಡುತ್ತ.

ರಾಜಿಪತ್ರಕ್ಕೆ ಕಾರಿನ ಬಾನೆಟ್ಟಿನ ಮೇಲೆ ರುಜು ಬಿದ್ದಿತು. ಎರಡೂ ಕಡೆಯವರು ಇನ್ನು ಮುಂದೆ ಒಬ್ಬರ ಮೇಲೊಬ್ಬರು ಯಾವುದೇ ಬೇಡಿಕೆ ಇಡತಕ್ಕದ್ದಲ್ಲ ಎಂಬುದು ಅದರ ಕೊನೆಯ ಸಾಲು. ಪ್ರಕರಣ ಮುಗಿದದ್ದರಿಂದ ಡಿಕ್ಕಿ ತೆರೆಯಲಾಯಿತು. ಮಗುವನ್ನು ಎಣ್ಣೆ ಹಚ್ಚಿ ಮೂರು ಸಲ ಮುಳುಗಿಸಲಾಯಿತು. ಹೆಸರೇನೆಂದು ಪಾದ್ರಿಗಳು ಕೇಳಿದಾಗ ರಾಡೊಸ್ತಿನಾ ಗಟ್ಟಿಯಾಗಿ “ಫನುರಿಯೊಸ್” ಎಂದಳು. ನೆಂಟರು ಚಪ್ಪಾಳೆ ತಟ್ಟಿದರು. ಮೇಣದಬತ್ತಿ ಹಿಡಿದಿದ್ದ ಥ್ರಾಸಿವುಲೊಸನ ಕೈಮೇಲೆ ಮೇಣ ತೊಟ್ಟಿಕ್ಕುತ್ತಿತ್ತು. ಅವನು ಕೈ ಸರಿಸಲಿಲ್ಲ. ರಾಡೊಸ್ತಿನಾ ಅವನಿಗೆ ಏನೋ ಒಂದು ಮಾತು ಹೇಳಲು ಹೊರಟು, ಮೂರನೇ ನಿಯಮ ನೆನಪಾಗಿ ಸುಮ್ಮನಾದಳು.

ವಿಮೆಯವರು ಬಂಪರಿನ ಹಣವನ್ನು ಸಕಾಲದಲ್ಲಿ ಕಳಿಸಿದರು. ಬಂಪರನ್ನು ಬದಲಾಯಿಸಲಿಲ್ಲ.

ಆಮೇಲೆ ಒಂದು ದಿನ ಥ್ರಾಸಿವುಲೊಸ್ ಹೆಂಡತಿಯ ಕೈಯಲ್ಲಿ ಕೇಕ್ ಮಾಡಿಸಿಕೊಂಡು ಒಬ್ಬನೇ ತಿರುವಿಗೆ ಹೋದ. ಕೇಕನ್ನು ಸಂತರ ಮುಂದಿಟ್ಟು ಕೈಮುಗಿದು ನಿಂತಿದ್ದಾಗ, ದೀಪಕ್ಕೆ ಎಣ್ಣೆ ಹಾಕಲು ಪಾದ್ರಿ ಯಾಕುಮಿಸರು ಬಂದರು.

“ಏನಾದ್ರೂ ಕಳ್ಕೊಂಡ್ಯಾ, ಥ್ರಾಸೋ?”

ಅವನು ಕೇಕನ್ನು ಸಂತರ ಹತ್ತಿರಕ್ಕೆ ಇನ್ನಷ್ಟು ಸರಿಸಿದ. ಪಾದ್ರಿಗಳು ಅವನ ಭುಜದ ಮೇಲೆ ಕೈಯಿಟ್ಟು, ರಾಜಿಪತ್ರದ ಕೊನೆಯ ಸಾಲನ್ನು ಬೇಸರದಿಂದಲೇ ನೆನಪಿಸಿದರು. ಸಂತರೂ ಬದ್ಧರು, ಕಾರಿನ ಕಡೆಯವರೂ ಬದ್ಧರು, ಇನ್ನು ಏನನ್ನೂ ಬೇಡಿಕೊಳ್ಳುವಂತಿಲ್ಲ. ಥ್ರಾಸಿವುಲೊಸ್ ತಲೆಯಾಡಿಸಿ, ಸಾಲು ಸರಿಯಾಗಿಯೇ ಇದೆ ಎಂದ. ಕೇಕನ್ನು ಮನೆಗೆ ವಾಪಸು ಒಯ್ದ. ಪುಟ್ಟ ಫನುರಿಯೊಸ್ ಎರಡು ತುಂಡು ತಿಂದ.

ಆ ವಾರವೇ ಫಲಕಕ್ಕೆ ಆರನೇ ನಿಯಮ ಸೇರಿತು: ಬಾಡಿಗೆದಾರರು ರಾಜಿಯ ಅನುಕೂಲಕ್ಕಾಗಿ, ಇನ್ನೂ ಹೆಸರಿಡದ ಮಗುವೊಂದನ್ನು ಲಭ್ಯವಿರಿಸಿಕೊಂಡಿರತಕ್ಕದ್ದು. ಪ್ರವಾಸಿಗಳು ಅದನ್ನು ಓದಿ ರುಜು ಹಾಕುತ್ತಾರೆ. ಇದುವರೆಗೆ ಯಾರ ಆಕ್ಷೇಪವೂ ಬಂದಿಲ್ಲ. ಡಚ್ಚರೊಬ್ಬರು ಮಾತ್ರ, ಆ ಮಗು ಕಾರಿನ ಜೊತೆಗೇ ಬರುತ್ತದೆಯೇ ಎಂದು ವಿಚಾರಿಸಿದರು.

ಇಲ್ಲ, ಮಗುವಿನ ಸೀಟಿನ ಹಾಗೆ ಅದಕ್ಕೂ ಬಾಡಿಗೆ ಬೇರೆ ಎಂದು ಥ್ರಾಸಿವುಲೊಸ್ ತಿಳಿಸಿದ.