ಅರ್ಧ ಇಂಚು ಆಳದ ಭವಿಷ್ಯ

ಇಪ್ಪತ್ತೆರಡು ವರ್ಷಗಳಿಂದ ನಾನು ಶಹಾಬಾದಿನಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತಿದ್ದೇನೆ. ಶಾಲೆಯ ಕೋಣೆ, ನೀರಿನ ಟಾಕಿ, ಸ್ಮಶಾನದ ಗೇಟು, ಯಾವುದರ ಉದ್ಘಾಟನೆಯಾದರೂ ಹೆಸರಿನ ಕಲ್ಲು ಕಲ್ಲುಚಪ್ಪಡಿ ಮಾರುವ ನಮ್ಮ ಫರ್ಸಿ ಅಡ್ಡಾದಿಂದಲೇ ಹೋಗಬೇಕು. ಈ ಧಂದೆಯಲ್ಲಿ ಒಂದು ಗುಟ್ಟಿದೆ. ಕಾರ್ಯಕ್ರಮ ನಾಳೆ ಬೆಳಿಗ್ಗೆ ಎಂದರೆ, ಟೇಪು ಕತ್ತರಿಸಲು ಬರುವವರು ಯಾರೆಂಬುದು ಇವತ್ತು ಸಂಜೆಯವರೆಗೂ ಯಾರಿಗೂ ಗೊತ್ತಿರುವುದಿಲ್ಲ. ಅಲ್ಲಿಯವರೆಗೆ ಕಾಯುತ್ತ ಕುಳಿತರೆ ಕಲ್ಲು ಮುಗಿಯುವುದಿಲ್ಲ. ಆದ್ದರಿಂದ ನಾನು ನಾಲ್ಕು ದಿನ ಮೊದಲೇ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ, ಇಂಥವರೇ ಬರುತ್ತಾರೆ ಎಂದು ಅಂದಾಜು ಹಾಕಿ ಕೆತ್ತಿಸಿಬಿಡುತ್ತೇನೆ. ಕೆತ್ತಿಸಿದ ಒಂದೇ ಒಂದು ಹೆಸರನ್ನೂ ಅಳಿಸುವ ಪ್ರಸಂಗ ಇಲ್ಲಿಯವರೆಗೆ ಬಂದಿಲ್ಲ!

ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಜಂಬಕ್ಕೇ ಹೇಳುತ್ತಿದ್ದೇನೆ.

ಎರಡು ವರ್ಷದ ಹಿಂದೆ ಅಡ್ಡಾದಲ್ಲಿ ನನ್ನ ಕಾಲಿನ ಮೇಲೆ ಒಂದು ಫರ್ಸಿ ಬಿತ್ತು. ಮೂರು ತಿಂಗಳು ಕಾಲು ಚಾಚಿ ಕೂತಿರಬೇಕಾಯಿತು. ಹೊತ್ತು ಹೋಗಲಿ ಎಂದು ಅಕ್ಕನ ಮಗ ತನ್ನ ಹಳೆಯ ಗೇಮ್ ಪೆಟ್ಟಿಗೆಯನ್ನು ತಂದು ಟಿವಿಗೆ ಜೋಡಿಸಿಕೊಟ್ಟ. ಅದರಲ್ಲಿ ‘ಕಪ್ಪು ಕೋಟೆ’ ಎಂಬ ಆಟವಿತ್ತು. ಕತ್ತಿ ಹಿಡಿದು ಕೋಟೆಯೊಳಗೆ ನುಗ್ಗಬೇಕು, ಅಷ್ಟೇ. ಆದರೆ ಆ ಕೋಟೆಯ ಕಲ್ಲು! ಒಂದೊಂದು ಸಂದೂ ಸರಿಯಾಗಿ ಕೂತಿತ್ತು. ಶತ್ರುಗಳು ನನ್ನನ್ನು ಹಿಂದಿನಿಂದ ಇರಿಯುತ್ತಿದ್ದರೂ ನಾನು ಗೋಡೆ ನೋಡುತ್ತ ನಿಂತಿರುತ್ತಿದ್ದೆ. ಹೀಗೆ ಸತ್ತು ಸತ್ತು, ಐವತ್ತೆರಡನೆಯ ವಯಸ್ಸಿನಲ್ಲಿ ಮೂರೂ ಭಾಗಗಳನ್ನು ಮುಗಿಸಿದೆ.

ಕಾಲು ವಾಸಿಯಾಯಿತು, ಹುಚ್ಚು ವಾಸಿಯಾಗಲಿಲ್ಲ. ಸೇಡಂ, ಚಿತ್ತಾಪುರ, ವಾಡಿ, ನಾಲವಾರ, ಚಿಂಚೋಳಿಯ ನನ್ನಂಥವರನ್ನೆಲ್ಲ ಹುಡುಕಿ ಹುಡುಕಿ ವಾಟ್ಸಾಪಿನಲ್ಲಿ ಒಂದು ಅಭಿಮಾನಿ ಬಳಗ ಕಟ್ಟಿದೆ. ಒಟ್ಟು ಹದಿನೇಳು ಜನ. ಅಧ್ಯಕ್ಷ ನಾನೇ. ಚುನಾವಣೆಯ ಖರ್ಚು ಬೇಡವೆಂದು ನಾನೇ ಘೋಷಿಸಿಕೊಂಡಿದ್ದೆ.

ಮೂರೂ ಭಾಗಗಳನ್ನು ನಿರ್ದೇಶಿಸಿದವರು ಬೊರಿಸ್ ತಾಲ್ಮಂಡ್ ಎಂಬ ಬಿಳಿಗಡ್ಡದ ಮನುಷ್ಯ. ನಾಲ್ಕನೆಯ ಭಾಗ ಬರುತ್ತದೆ ಎಂದು ಕಂಪನಿ ಹೇಳಿತು. ನಿರ್ದೇಶಕ ಯಾರೆಂದು ಮಾತ್ರ ಬಾಯಿ ಬಿಡಲಿಲ್ಲ, ಭಾನುವಾರ ಸಂಜೆ ಐದಕ್ಕೆ ವಿಡಿಯೊದಲ್ಲಿ ತಿಳಿಸುತ್ತೇವೆ ಎಂದಿತು. ಬಳಗದಲ್ಲಿ ಬೆಂಕಿ ಹತ್ತಿತು! ಮುದುಕ ದಣಿದಿದ್ದಾನೆ ಎಂದರು ಕೆಲವರು. ವಾಡಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಖಾಜಾಭೈ, ಕಂಪನಿ ಹೊರಗಿನಿಂದ ಯಾರನ್ನೋ ತರುತ್ತದೆ ಎಂದು ವಾದಿಸಿದ. ನಾನು ನಕ್ಕೆ. ತಾಲ್ಮಂಡ್ ಹೋದ ವಾರವಷ್ಟೇ ಗಡ್ಡ ಕತ್ತರಿಸಿಕೊಂಡು ಫೋಟೊ ಹಾಕಿದ್ದರು. ಇಪ್ಪತ್ತೆರಡು ವರ್ಷದ ಅನುಭವದಿಂದ ಹೇಳುತ್ತೇನೆ, ವೇದಿಕೆ ಹತ್ತಲಿಕ್ಕಿರುವವರೇ ಗಡ್ಡ ಕತ್ತರಿಸಿಕೊಳ್ಳುವುದು.

ನನ್ನ ಹೆಂಡತಿ ಮಹಾದೇವಿಯ ಅಭಿಪ್ರಾಯವೇ ಬೇರೆ ಇತ್ತು. ಆಕೆ ಅಂಗನವಾಡಿ ಶಿಕ್ಷಕಿ. ಆಟ ಮುಗಿದ ಮೇಲೆ ಅದನ್ನು ಮಾಡಿದವರ ಹೆಸರುಗಳು ಇಪ್ಪತ್ತು ನಿಮಿಷ ಪರದೆಯ ಮೇಲೆ ಸಾಗುತ್ತವೆ. ನಾನು ಆಗ ಎದ್ದು ಚಹಾ ಕುಡಿಯಲು ಹೋಗುತ್ತಿದ್ದೆ. ಟಿವಿ ತನ್ನ ಕೈಗೆ ಸಿಗಲಿ ಎಂದು ಕಾಯುತ್ತ ಕೂತ ಆಕೆ, ಹಾಜರಿ ಪುಸ್ತಕ ಓದುವ ಅಭ್ಯಾಸದಿಂದ, ಅಷ್ಟೂ ಹೆಸರು ಓದುತ್ತಿದ್ದಳು.

“ರೀ, ಇಲ್ಸೆ ಮರೋವ್ ಅಂತ ಒಬ್ಬಾಕಿ ಇದ್ದಾಳ ನೋಡ್ರಿ. ಕೋಟೆ ಗ್ವಾಡಿ ಎಲ್ಲಾ ಆಕಿನೇ ಮಾಡ್ಯಾಳ. ಮೊದಲ್ನೇ ಆಟದಾಗ ಆಕಿ ಹೆಸರು ಭಾಳ ಕೆಳಗಿತ್ತು. ಎರಡನೇದ್ರಾಗ ನಡಬರಕ ಬಂತು. ಮೂರನೇದ್ರಾಗ ಗಡ್ಡದಪ್ಪನ ಬುಡಕೇ ಅದ. ಇನ್ನ ಎಲ್ಲಿಗಿ ಏರಬೇಕು? ಈ ಸಲ ಆಕಿನೇ ಮಾಡ್ತಾಳ.”

“ಹುಚ್ಚಿ! ಕೆಳಗಿನ ಹೆಸರು ಯಾರ್ ಓದ್ತಾರ? ನಮ್ಮ ಕಲ್ಲಿನ್ಯಾಗೂ ಕೆಳಗ ಗುತ್ತೇದಾರನ ಹೆಸರು ಇರ್ತದ. ಉದ್ಘಾಟನಾ ಅಂವ ಮಾಡ್ತಾನೇನು?”

“ಕೆಲಸ ಅಂವನೇ ಮಾಡಿರ್ತಾನಲ್ರಿ.”

ನಾನು ಎದ್ದು ಚಹಾ ಕುಡಿಯಲು ಹೋದೆ.

ಅಷ್ಟರಲ್ಲಿ ಬಳಗದಲ್ಲಿ ಖಾಜಾಭೈಯ ಧ್ವನಿ ಸಂದೇಶ ಬಂದಿತ್ತು. “ಅಧ್ಯಕ್ಷರ, ಇಷ್ಟು ಪಕ್ಕಾ ಹೇಳ್ಲಿಕತ್ತೀರಿ. ಬರದು ಕೊಡ್ತೀರೇನ್ರಿ?”

ನಾನು ಸುಮ್ಮನಿರಬಹುದಿತ್ತು. ಒಂದು ನಗುವ ಮುಖದ ಚಿತ್ರ ಕಳಿಸಿ ಮಲಗಬಹುದಿತ್ತು. “ಬರದು ಏನ್ ಕೊಡೋದು ಖಾಜಾಭೈ, ಕೆತ್ತಿಸಿ ಕೊಡ್ತೀನಿ!” ಎಂದೆ. ಹದಿನಾರು ಹೆಬ್ಬೆರಳುಗಳು ಮೇಲೆದ್ದವು. ಭಾನುವಾರ ಎಲ್ಲರೂ ನಮ್ಮ ಅಡ್ಡಾಕ್ಕೇ ಬಂದು ವಿಡಿಯೊ ನೋಡುವುದೆಂದೂ, ಕಲ್ಲಿನ ಅನಾವರಣ ಅಲ್ಲಿಯೇ ಎಂದೂ ತೀರ್ಮಾನವಾಯಿತು.

ಅಡ್ಡಾದಲ್ಲಿ ಒಂದು ಕಲ್ಲಿತ್ತು. ಮೂರು ಇಂಚು ದಪ್ಪ, ಒಂದು ಗೆರೆಯಿಲ್ಲ, ಒಂದು ಕಲೆಯಿಲ್ಲ, ಮಳೆಗಾಲದ ಮೋಡದ ಬಣ್ಣ. ಹಿತ್ತಲಲ್ಲಿ ಬಟ್ಟೆ ಒಗೆಯಲು ಅದು ಬೇಕೆಂದು ಮಹಾದೇವಿ ನಾಲ್ಕು ವರ್ಷದಿಂದ ಕೇಳುತ್ತಿದ್ದಳು. ಊರಿಗೆಲ್ಲ ಕಲ್ಲು ಕೊಡುವ ನನ್ನ ಮನೆಯಲ್ಲಿ ಬಟ್ಟೆ ಒಗೆಯುವ ಕಲ್ಲು ಒಡೆದು ಎರಡು ಹೋಳಾಗಿತ್ತು. “ಮುಂದಿನ ವಾರ” ಎನ್ನುತ್ತ ನಾಲ್ಕು ವರ್ಷ ಕಳೆದಿದ್ದೆ. ಈಗ ಅದೇ ಕಲ್ಲನ್ನು ತಾಲ್ಮಂಡರಿಗೆ ಎತ್ತಿಟ್ಟದ್ದು ಕಂಡು ಆಕೆಯ ಮುಖ ಸಣ್ಣದಾಯಿತು.

“ನೋಡು ಮಾದೇವಿ, ತಾಲ್ಮಂಡ್ ಬರ್ಲಿಲ್ಲಂದ್ರ ಈ ಕಲ್ಲು ನಿಂದೇ,” ಎಂದೆ ಧಾರಾಳವಾಗಿ.

“ಖರೇನ? ಹಿತ್ತಲದಾಗ ಜಾಗಾ ಸ್ವಚ್ಛ ಮಾಡಿ ಇಡ್ತೀನಿ,” ಎಂದಳು. ಆಕೆ ಅಂದೇ ಮಾಡಿಯೂ ಇಟ್ಟಳು.

ಕೆತ್ತುವವನು ಹಣಮಂತ. ನನ್ನ ಅಡ್ಡಾದ ಹಳೆಯ ಕೈ. ಒಕ್ಕಣೆಯನ್ನು ನಾನೇ ಬರೆದುಕೊಟ್ಟೆ: ‘ಶ್ರೀಯುತ ಬೊರಿಸ್ ತಾಲ್ಮಂಡ್ ಇವರ ಅಮೃತ ಹಸ್ತದಿಂದ ಕಪ್ಪು ಕೋಟೆ ನಾಲ್ಕನೆಯ ಭಾಗದ ನಿರ್ದೇಶನವು ನೆರವೇರಿತು. ಅಧ್ಯಕ್ಷತೆ: ಶ್ರೀ ಗುರುಪಾದಪ್ಪ, ಫರ್ಸಿ ವ್ಯಾಪಾರಿಗಳು, ಶಹಾಬಾದ.’ ಗುರುಪಾದಪ್ಪ ಎಂದರೆ ನಾನು. ತಾಲ್ಮಂಡರ ಹೆಸರಿಗಿಂತ ನನ್ನದು ಸ್ವಲ್ಪ ದೊಡ್ಡದಾಯಿತು. ಜಾಗ ಉಳಿದಿತ್ತು, ಬೇರೇನೂ ಇಲ್ಲ.

“ಸಾವ್ಕಾರ್ರ, ಜರಾ ತೆಳ್ಳಗ ಕೆತ್ತಲೇನ್ರಿ? ನಾಳಿ ಏನರ ಹೆಚ್ಚು ಕಮ್ಮಿ ಆದ್ರ ತಿಕ್ಕಿ ತಗಿಲಾಕ ಬರ್ತದ,” ಎಂದ ಹಣಮಂತ.

ನನಗೆ ಕೆಂಡದಂಥ ಸಿಟ್ಟು ಬಂತು. “ಇಪ್ಪತ್ತೆರಡು ವರ್ಷದಾಗ ಎಂದರ ತಿಕ್ಕೀವೇನೋ? ಅರ್ಧ ಇಂಚು ಆಳ ಹೊಡಿ! ಸಾವಿರ ವರ್ಷ ಇರಬೇಕು.”

ಹಣಮಂತ ಅರ್ಧ ಇಂಚು ಹೊಡೆದ. ಅವನು ಮಾತಿಗೆ ತಪ್ಪುವವನಲ್ಲ.

ಭಾನುವಾರ ಬಂತು. ಸೇಡಮ್ಮಿನವರು ಬೈಕಿನಲ್ಲಿ ಬಂದರು, ಚಿಂಚೋಳಿಯವರು ಬಸ್ಸಿನಲ್ಲಿ, ನಾಲವಾರದ ಒಬ್ಬರು ಪ್ಯಾಸೆಂಜರ್ ಗಾಡಿಯಲ್ಲಿ. ಮಹಾದೇವಿ ಒಂದು ಬುಟ್ಟಿ ಚುರುಮುರಿಯ ಸುಸಲಾ, ಒಂದು ಬುಟ್ಟಿ ಮಿರ್ಚಿ ಭಜಿ ಮಾಡಿದ್ದಳು. ಕಲ್ಲಿಗೆ ಹಾರ ಹಾಕಿ, ಮೇಲೆ ಕೇಸರಿ ಬಟ್ಟೆ ಹೊದಿಸಿ, ಎಳೆಯಲು ದಾರ ಕಟ್ಟಿ, ಗೋಡೆಗೆ ಮನೆಯ ಟಿವಿ ನಿಲ್ಲಿಸಿದ್ದೆ. ಐದು ಹೊಡೆಯಿತು. ವಿಡಿಯೊ ಶುರುವಾಯಿತು, ನಿಂತಿತು. ಪರದೆಯ ಮೇಲೆ ಒಂದು ಚಕ್ರ ಸುತ್ತತೊಡಗಿತು. ಹತ್ತು ನಿಮಿಷ ಸುತ್ತಿತು. ಭಜಿ ಖಾಲಿಯಾಗುತ್ತಿತ್ತು. ಸಭೆಯ ಉತ್ಸಾಹ ಕುಗ್ಗುವುದನ್ನು ಯಾವ ಅಧ್ಯಕ್ಷನೂ ಸಹಿಸಲಾರ. ಎದ್ದು ನಿಂತು ದಾರ ಎಳೆದೇಬಿಟ್ಟೆ!

ಬಟ್ಟೆ ಸರಿಯಿತು. ಅಕ್ಷರಗಳು ಸಂಜೆಯ ಬಿಸಿಲಿನಲ್ಲಿ ಎದ್ದು ಕಂಡವು. ಚಪ್ಪಾಳೆಯೋ ಚಪ್ಪಾಳೆ! ಸುಳ್ಳೇಕೆ ಹೇಳಲಿ, ನನ್ನ ಎದೆ ಉಬ್ಬಿತು. ಫೋಟೊ ತೆಗೆದು ಕಂಪನಿಯ ಪುಟಕ್ಕೂ ಹಾಕಿಸಿದೆ.

ಅದೇ ಹೊತ್ತಿಗೆ ಚಕ್ರ ನಿಂತು ಚಿತ್ರ ಬಂತು. ವೇದಿಕೆ. ದೀಪ. ನಡೆದು ಬಂದವರು ಸಾಕ್ಷಾತ್ ಬೊರಿಸ್ ತಾಲ್ಮಂಡ್!

ಅಡ್ಡಾ ಹಾರಿಹೋಗುವಂತೆ ಕೂಗಿದರು. ಖಾಜಾಭೈ ಓಡಿ ಬಂದು ಕಲ್ಲಿನ ಮೇಲಿದ್ದ ಹಾರವನ್ನೇ ಎತ್ತಿ ನನ್ನ ಕೊರಳಿಗೆ ಹಾಕಿದ. “ಮಾನ್ ಗಯೇ ಅಧ್ಯಕ್ಷರ! ನಿಮ್ಮ ಅಂದಾಜು ಅಂದ್ರ ಅಂದಾಜು!” ನಾನು ಎಲ್ಲರಿಗೂ ಕೈ ಮುಗಿದೆ. ಎರಡು ಮಾತು ಆಡಿ ಎಂದರು, ಇಪ್ಪತ್ತು ಆಡಿದೆ. ತಾಲ್ಮಂಡರೂ ಹಿಂದೆ ಪರದೆಯಲ್ಲಿ ಏನೋ ಮಾತಾಡುತ್ತಿದ್ದರು. ಇಬ್ಬರು ದೊಡ್ಡವರು ಒಟ್ಟಿಗೆ ಮಾತಾಡಿದರೆ ಹೀಗೆಯೇ, ಒಬ್ಬರದ್ದು ಯಾರಿಗೂ ಕೇಳಿಸುವುದಿಲ್ಲ.

ಕೇಳಿಸಿದ್ದು ಮಹಾದೇವಿಗೆ. ಸುಸಲಾದ ತಟ್ಟೆ ಹಿಡಿದು ಟಿವಿಯ ಪಕ್ಕ ನಿಂತಿದ್ದಳು.

“ರೀ, ಜರಾ ಸುಮ್ನಾಗ್ರಿ. ಮುತ್ಯಾ ಕಣ್ಣೀರು ವರಸ್ಕೊಳ್ಳಾಕತ್ತಾನ.”

ತಿರುಗಿ ನೋಡಿದೆ. ತಾಲ್ಮಂಡರು ಕಣ್ಣೊರೆಸಿಕೊಂಡು, ಆಟದಲ್ಲಿ ಬರುವ ಕೋಟೆಯ ದೊಡ್ಡ ಕೀಲಿಕೈಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಪಕ್ಕಕ್ಕೆ ಕುಳ್ಳನೆಯ ಒಬ್ಬ ಹೆಂಗಸು ಬಂದು ನಿಂತರು. ತಾಲ್ಮಂಡರು ಕೀಲಿಕೈಯನ್ನು ಆಕೆಗೆ ಕೊಟ್ಟರು. ಕೆಳಗೆ ದೊಡ್ಡ ಅಕ್ಷರಗಳಲ್ಲಿ ಹೆಸರು ಮೂಡಿತು: ಇಲ್ಸೆ ಮರೋವ್.

“ಇಕಿನೇ ನೋಡ್ರಿ, ನಾ ಹೇಳಿದಾಕಿ,” ಎಂದಳು ಮಹಾದೇವಿ. ಅಷ್ಟೇ. ಕುಣಿಯಲಿಲ್ಲ, ಹಂಗಿಸಲಿಲ್ಲ. ಉಳಿದ ಸುಸಲಾವನ್ನು ಚಿಂಚೋಳಿಯವರಿಗೆ ಬಡಿಸಿದಳು.

ಹದಿನಾರು ಜನ ಮೊದಲು ಟಿವಿ ನೋಡಿದರು, ಆಮೇಲೆ ಕಲ್ಲು ನೋಡಿದರು, ಕೊನೆಗೆ ಹಾರ ಹಾಕಿಕೊಂಡ ನನ್ನನ್ನು ನೋಡಿದರು. ಹಾರ ತೆಗೆಯಬೇಕೋ ಇರಲು ಬಿಡಬೇಕೋ ತಿಳಿಯಲಿಲ್ಲ. ಹಣಮಂತನನ್ನು ಮೂಲೆಗೆ ಕರೆದು ಕೇಳಿದೆ, “ತಿಕ್ಕಿದ್ರ ಹೋಗ್ತದೇನೋ?”

“ಅರ್ಧ ಇಂಚು ಅದರಿ ಸಾವ್ಕಾರ್ರ. ಸಾವಿರ ವರ್ಷ ಇರ್ತದ.”

ಅಷ್ಟರಲ್ಲಿ ಖಾಜಾಭೈ ಮಹಾದೇವಿಯ ಮುಂದೆ ನಿಂತಿದ್ದ. “ಭಾಬೀ, ನಿಮಗ ಹ್ಯಾಂಗ್ ಗೊತ್ತಾತ್ರಿ?” ಎಂದು ಕೇಳಿದ. ಆಕೆ ಆ ಹೆಸರು ಒಂದೊಂದು ಭಾಗದಲ್ಲೂ ಮೇಲೇರಿದ ಬಗೆಯನ್ನು ಅಂಗನವಾಡಿಯ ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು. ನನ್ನ ಇಪ್ಪತ್ತು ಮಾತು ಕೇಳುವಾಗ ಭಜಿ ತಿನ್ನುತ್ತಿದ್ದವರು ಈಗ ಬಾಯಿ ಆಡಿಸುವುದನ್ನೂ ಮರೆತು ಕೇಳಿದರು. ಅವಮಾನದಲ್ಲಿ ಕುದಿಯಬೇಕಾದವನು ನಾನು. ಆದರೆ ಹೆಮ್ಮೆಯಾಯಿತು. ಇಪ್ಪತ್ತೆರಡು ವರ್ಷ ದೊಡ್ಡ ಹೆಸರುಗಳನ್ನೇ ನೋಡಿದ ನನ್ನ ಮನೆಯಲ್ಲಿ ಸಣ್ಣ ಹೆಸರು ಓದುವವಳು ಒಬ್ಬಳಿದ್ದಾಳೆ ಎಂದು ನಿಜವಾಗಿಯೂ ಹೆಮ್ಮೆಯಾಯಿತು. ಈಗ ಬಳಗದ ಅಧ್ಯಕ್ಷೆ ಆಕೆಯೇ. ಈ ಸಲ ಚುನಾವಣೆ ನಡೆಯಿತು, ನನ್ನ ಓಟೂ ಆಕೆಗೇ ಬಿತ್ತು.

ಸೋಮವಾರ ಬೆಳಿಗ್ಗೆ ನಾಲ್ಕು ಜನ ಸೇರಿ ಕಲ್ಲನ್ನು ನಮ್ಮ ಹಿತ್ತಲಿಗೆ ಸಾಗಿಸಿದರು. ಅಕ್ಷರದ ಬದಿಯನ್ನು ಕೆಳಗೆ ಮಾಡಿ ಇಡಿಸು ಎಂದು ನಾನು ಮಹಾದೇವಿಯ ಕೈಕಾಲು ಹಿಡಿದೆ.

“ಬ್ಯಾಡ್ರಿ, ಮ್ಯಾಲೇ ಇರ್ಲಿ. ಅಕ್ಷರ ಇದ್ದಲ್ಲಿ ತಿಕ್ಕಿದ್ರ ಕೊಳಿ ಭಾಳ ಛಲೋ ಬಿಡ್ತದ. ನಿಮ್ಮ ಹೆಸರಿನ ಮ್ಯಾಲಂತೂ ಇನ್ನೂ ಛಲೋ. ದೊಡ್ಡದದಲ್ಲ!” ಎಂದಳು.

ನನ್ನ ದಾಖಲೆ ಮಾತ್ರ ಇಂದಿಗೂ ಹಾಗೆಯೇ ಇದೆ. ಕೆತ್ತಿಸಿದ ಒಂದೇ ಒಂದು ಹೆಸರನ್ನೂ ನಾನು ಅಳಿಸಿಲ್ಲ. ಅಳಿಸುವ ಪ್ರಯತ್ನ ದಿನಾ ಬೆಳಿಗ್ಗೆ ಏಳಕ್ಕೆ ನಮ್ಮ ಹಿತ್ತಲಲ್ಲಿ ನಡೆಯುತ್ತದೆ, ನನ್ನದೇ ಬನಿಯನ್ನಿನಿಂದ!