ಪೆಟ್ಟಿಗೆಯ ನೆತ್ತಿಯ ಹಸಿರು ಪೊಟ್ಟಣ

"ಸಮಸ್ತ ಸಿಬ್ಬಂದಿಗೆ ತೀವ್ರ ದುಃಖದಿಂದ ತಿಳಿಯಪಡಿಸುವುದೇನೆಂದರೆ, ನಮ್ಮ ಸಂಸ್ಥೆಯ ಬ್ರಾಡ್‌ಬ್ಯಾಂಡ್ ಪೆಟ್ಟಿಗೆಯ ನೆತ್ತಿಯ ಮೇಲೆ ಕುಳಿತು ಹಗಲಿರುಳು ಸೇವೆ ಸಲ್ಲಿಸುತ್ತಿದ್ದ, ತೆಂಗಿನಕಾಯಿ ರುಚಿಯ ಜೋಳದ ಕುರುಕಲಿನ ಹಸಿರು ಪೊಟ್ಟಣವು ಇಂದು ಬೆಳಿಗ್ಗೆ ಹೊಟ್ಟೆ ಹರಿದ ಸ್ಥಿತಿಯಲ್ಲಿ ಕಸದ ಬುಟ್ಟಿಯಲ್ಲಿ ಪತ್ತೆಯಾಗಿರುತ್ತದೆ. ತಿಂದವರು ಬಾಯಿ ಒರೆಸಿಕೊಂಡು ಕೂಡಲೇ ಹಾಜರಾಗತಕ್ಕದ್ದು."

ಕಚೇರಿಯ ಫೋನ್ ಗುಂಪಿನಲ್ಲಿ ಈ ಪ್ರಕಟಣೆ ಓದಿದ ಡು ವೆಯ್-ಲುನ್‌ನ ಬಾಯಲ್ಲಿದ್ದ ಬಿಸ್ಕತ್ತು ಅಲ್ಲೇ ಸ್ತಬ್ಧವಾಯಿತು. ತಲೆ ಎತ್ತಿದರೆ ಇಡೀ ಕಚೇರಿ ಅವನ ಬಾಯಿಯನ್ನೇ ನೋಡುತ್ತಿತ್ತು.

"ಬಿಸ್ಕತ್ತು ಕಣ್ರೀ! ಬರೀ ಬಿಸ್ಕತ್ತು!"

"ನಿನ್ನೆ ಬಿಸ್ಕತ್ತು, ಇವತ್ತು ಪೊಟ್ಟಣ, ನಾಳೆ ಪೆಟ್ಟಿಗೇನೂ ಕಡಿದು ತಿಂತೀಯ," ಅಂದರು ಲೆಕ್ಕ ಬರೆಯುವ ಲುವೊ ಚಿಕ್ಕಮ್ಮ.

ತೈವಾನಿನಲ್ಲಿ ಯಂತ್ರವಿದ್ದ ಕಡೆ ಹಸಿರು ಪೊಟ್ಟಣ ಇರಲೇಬೇಕು. ಆಸ್ಪತ್ರೆಯಿರಲಿ, ಬ್ಯಾಂಕಿರಲಿ, ಯಂತ್ರದ ತಲೆಯ ಮೇಲೆ ಅದನ್ನಿಟ್ಟರೇನೇ ಎಲ್ಲರಿಗೂ ಜೀವ ತಂಪು. ಅದರ ಹೆಸರಿನ ಅರ್ಥವೇ 'ಜಾಣಮರಿಯಾಗಿರು'. ಹಸಿರೇ ಆಗಬೇಕು, ಏಕೆಂದರೆ ಯಂತ್ರ ಚೆನ್ನಾಗಿದ್ದರೆ ಉರಿಯುವುದು ಹಸಿರು ದೀಪ. ಹಳದಿ ಇಟ್ಟರೆ ಯಂತ್ರ ಮುನಿಸಿಕೊಳ್ಳುತ್ತದೆ, ಕೆಂಪು ಇಟ್ಟರೆ ಸಿಡಿಯುತ್ತದೆ. ಒಡೆದು ತಿಂದರಂತೂ ಮುಗಿದೇ ಹೋಯಿತು.

ಅದೂ ಇವತ್ತೇ! ಇವತ್ತು ದೂರವಾಣಿ ಕಂಪನಿಯ ಯಂತ್ರಕೋಣೆಯಲ್ಲಿ ಪರೀಕ್ಷೆ. ಸಂಜೆಯ ತನಕ ನಿಲ್ಲದೆ ಓಡಿದ ಪೆಟ್ಟಿಗೆಗೆ ಇಡೀ ಸಿಂಚು ಊರಿನ ಬ್ರಾಡ್‌ಬ್ಯಾಂಡ್ ಗುತ್ತಿಗೆ. ಕಣದಲ್ಲಿದ್ದವರು ಮೂವರು. ಹೆಸರಿಗೆ ತಕ್ಕ ತಿಮಿಂಗಿಲವಾದ ದಾಜಿಂಗ್, ಅಜ್ಜನ ಕಾಲದ ಲಾವ್‌ಸುಂಗ್, ಮತ್ತು ಮೊನ್ನೆ ಮೊನ್ನೆ ಕಣ್ಣುಬಿಟ್ಟ ಇವರ ಶಿನ್‌ಮ್ಯಾವ್. ಹೆಸರಿನ ಅರ್ಥ 'ಹೊಸ ಮೊಳಕೆ' ಎಂದಿದ್ದರೂ ದೊಡ್ಡ ಕಂಪನಿಯವರು ಇವರನ್ನು ಕಂಡಾಗಲೆಲ್ಲ ಬೆಕ್ಕಿನಂತೆ "ಮ್ಯಾವ್" ಅನ್ನುತ್ತಿದ್ದರು.

ಡು ಮೊದಲು ದಾಜಿಂಗ್‌ನಲ್ಲೇ ಇದ್ದವನು. ಮ್ಯಾನೇಜರ್ ಗಾವ್‌ಗೆ ಕಾಫಿ ತಂದುಕೊಡುವುದೇ ಇಂಜಿನಿಯರ್ ಕೆಲಸ ಎಂದು ತಿಳಿದು ಬೇಸತ್ತು, "ಇನ್ಮೇಲೆ ನಿಮ್ ಕಾಫಿ ನೀವೇ ತಂದ್ಕೊಳ್ಳಿ!" ಎಂದು ಬಾಗಿಲು ಬಡಿದು ಬಂದಿದ್ದ. ಗುತ್ತಿಗೆ ತಪ್ಪಿದರೆ ಶಿನ್‌ಮ್ಯಾವ್‌ಗೆ ಬೀಗ. ಆಮೇಲೆ ಅದೇ ಬಾಗಿಲು, ಅದೇ ಗಾವ್, ಅದೇ ಕಾಫಿ.

"ಮರಿ ಡು!" ಒಡತಿ ಲ್ಯಾನ್ ಶು-ಫೆನ್ ಬಂದಳು. ಡುವಿಗೆ ಮೂವತ್ತು ದಾಟಿ ನೆತ್ತಿ ಬಯಲಾಗಿದ್ದರೂ ಕಚೇರಿಗೆಲ್ಲ ಅವನು ಮರಿ ಡು, ಒಡತಿ ಫೆನಕ್ಕ. ತಲೆಯಲ್ಲಿ ಯೋಚನೆ ಓಡಿದರೆ ಅವಳ ಹಲ್ಲೂ ಓಡುತ್ತಿದ್ದವು. ಈಗ ಓಡುತ್ತಿದ್ದುದು ಪೆನ್ನಿನ ಮುಚ್ಚಳದ ಮೇಲೆ. "ತಿಂದಿದ್ದು ನೀನೋ ಇಲಿಯೋ, ಆಮೇಲೆ ನೋಡೋಣ. ಹೋಗು, ಹಸಿರು ಪೊಟ್ಟಣ ತಗೊಂಡ್ ನೇರ ಯಂತ್ರಕೋಣೆಗೆ ಬಾ."

"ಫೆನಕ್ಕ, ನಾನಲ್ಲ..."

"ತಿಂದಿಲ್ಲ ಅಂದ್ರೆ ಓಡೋಕೆ ಹಗುರ ಇರ್ತೀಯ. ಓಡು!"

ಮೂಲೆಯ ಅಂಗಡಿಯ ಚಿಕ್ಕಮ್ಮ ಖಾಲಿ ಕಪಾಟು ತೋರಿಸಿದಳು. "ದಾಜಿಂಗ್‌ನೋರು ಬೆಳಿಗ್ಗೆನೇ ಬಂದು ಗುಡಿಸಿ ಹಾಕ್ಕೊಂಡ್ ಹೋದ್ರಪ್ಪ. ಹಳದಿ ಇದೆ, ಕೊಡ್ಲಾ? ಮಸಾಲೆದು, ಬಲೇ ರುಚಿ."

"ತಿನ್ನೋಕಲ್ಲ ಚಿಕ್ಕಮ್ಮ!"

"ತಿನ್ನೋಕಲ್ದೆ ಮತ್ತೇನ್ ತಲೆಗೆ ಮುಡ್ಕೊಳೋಕಾ?"

ಎರಡನೆಯ ಅಂಗಡಿಯಲ್ಲೂ ಅದೇ ಕತೆ, ಮೂರನೆಯದರಲ್ಲೂ ಅದೇ. ಅಷ್ಟರಲ್ಲಿ ಲುವೊ ಚಿಕ್ಕಮ್ಮನ ಫೋನು. "ಹಳದಿ ತಗೊಂಡು ಹಸಿರು ಟೇಪ್ ಸುತ್ತೋ! ಯಂತ್ರಕ್ಕೇನು ಕಣ್ಣಿದ್ಯಾ?" ಡು ಹಾಗೇ ಸುತ್ತಿದ. ಪೊಟ್ಟಣ ಜ್ವರ ಬಂದ ಗಿಣಿಯಂತೆ ಕಂಡಿತು. ಸ್ಕೂಟರಿನ ಬುಟ್ಟಿಗೆ ಹಾಕಿ ಹೊರಟನೋ ಇಲ್ಲವೋ, ಸಿಂಚುವಿನ ಗಾಳಿ ಬೀಸಿತು. ಆ ಗಾಳಿ ಊರಿನ ಅಕ್ಕಿ ಶ್ಯಾವಿಗೆಯನ್ನು ಒಣಗಿಸುವುದಷ್ಟೇ ಅಲ್ಲ, ಪರರ ಸೊತ್ತನ್ನೂ ಹೊತ್ತೊಯ್ಯುತ್ತದೆ. ಗಿಣಿ ಹಾರಿಹೋಯಿತು.

ಯಂತ್ರಕೋಣೆಯಲ್ಲಿ ದಾಜಿಂಗ್ ಪೆಟ್ಟಿಗೆಯ ಮೇಲೆ ಹಸಿರು ಪೊಟ್ಟಣಗಳು ಮದುವೆಮನೆಯ ಉಡುಗೊರೆಯಂತೆ ರಾಶಿ ಬಿದ್ದಿದ್ದವು. ಮೇಲೆ, ಹಿಂದೆ, ಪಕ್ಕದಲ್ಲಿ, ಎಲ್ಲೆಲ್ಲೂ. ಲಾವ್‌ಸುಂಗ್‌ನವರೂ ತಮ್ಮ ಪೆಟ್ಟಿಗೆಗೆ ಹಸಿರು ಗೋಡೆಯನ್ನೇ ಕಟ್ಟಿದ್ದರು.

"ಏನ್ ಮರಿ ಡು, ಬರಿಗೈ?" ಗಾವ್ ಹಲ್ಲು ಕಿರಿದ. "ಮ್ಯಾವ್ ಅನ್ನೋ ಪೆಟ್ಟಿಗೆಗೆ ಹಾಲು ತಟ್ಟೆನಾದ್ರೂ ತರ್ಬೇಕಿತ್ತು. ಇರ್ಲಿ, ನನ್ ಕಾಫಿಗೆ ಸಕ್ಕರೆ ಎಷ್ಟು ಅಂತ ನೆನಪಿದ್ಯಲ್ಲ?"

ಡುವಿನ ಬಯಲು ನೆತ್ತಿಯೂ ಕೆಂಪಾಯಿತು. ಹಸಿವು, ಅವಮಾನ, ಸುಳ್ಳು ಆರೋಪ, ಮೂರೂ ಸೇರಿ ಬಾಯಿಗೆ ಬಂದವು.

"ಗಾವ್ ಸಾರ್, ಲಂಚ ಬೇಕಾಗಿರೋದು ಕೆಲಸ ಬರದೇ ಇರೋರಿಗೆ. ನಮ್ ಪೆಟ್ಟಿಗೆ ಬರೀ ತಲೇಲೇ ಓಡುತ್ತೆ. ನನ್ ಥರಾನೇ! ಹಾಕ್ರಿ ಸ್ವಿಚ್ಚು!"

ಫೆನಕ್ಕ ಗಾಬರಿಯಿಂದ ಪೆನ್ನಿನ ಮುಚ್ಚಳ ಕಟಕ್ಕನೆ ಕಚ್ಚಿದಳು. ಆದರೆ ಬೆನ್ನು ನೇರ ಮಾಡಿ, "ಹೌದು, ಹಾಕ್ರಿ," ಅಂದಳು.

ಮಧ್ಯಾಹ್ನದ ಹೊತ್ತಿಗೆ ಲಾವ್‌ಸುಂಗ್ ಪೆಟ್ಟಿಗೆ ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿತು. ಸ್ವಲ್ಪ ಹೊತ್ತಿಗೆ ದಾಜಿಂಗ್‌ನದೂ ಬಿಸಿಯಾಗಿ, ಕೆಂಪು ದೀಪ ಮಿನುಗಿಸಿ, ಮಲಗಿತು. ಬರಿದಲೆಯ ಶಿನ್‌ಮ್ಯಾವ್ ಪೆಟ್ಟಿಗೆ ಮಾತ್ರ ಹಸಿರು ದೀಪ ಉರಿಸಿಕೊಂಡು ಸಂಜೆಯ ತನಕ ಗುಂಯ್‌ಗುಡುತ್ತಲೇ ಇತ್ತು.

ಡು ಕುಣಿದೇಬಿಟ್ಟ. "ನೋಡಿ ಸಾರ್, ಇಲ್ ನೋಡಿ!" ದಾಜಿಂಗ್ ರಾಶಿಯನ್ನು ಸರಿಸಿ ತೋರಿಸಿದ. "ಗಾಳಿಯಾಡೋ ತೂತನ್ನೆಲ್ಲ ಪೊಟ್ಟಣದಿಂದ ಮುಚ್ಚಿದೀರ. ಉಸಿರುಕಟ್ಟಿ ಸತ್ತಿದೆ ಪಾಪ! ಒಂದೇ ಒಂದನ್ನ ಮೂಲೇಲಿ ಇಟ್ಟಿದ್ರೆ ಬದುಕ್ತಿತ್ತು!"

ಗಾವ್ ಬಗ್ಗಿ ನೋಡಿ, ಗಲ್ಲ ಕೆರೆದುಕೊಂಡ.

ಯಂತ್ರಕೋಣೆಯ ಮುಖ್ಯಸ್ಥ ಜುವಾಂಗ್ ಬಂದರು. ನಿವೃತ್ತಿಯ ಹೊಸ್ತಿಲಲ್ಲಿದ್ದ, ನಗುವನ್ನು ಮುಂಗಡವಾಗಿಯೇ ನಿವೃತ್ತಿಗೊಳಿಸಿದ್ದ ಮನುಷ್ಯ. ಶಿನ್‌ಮ್ಯಾವ್ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು ಕೇಳಿದರು.

"ಪೊಟ್ಟಣ ಎಲ್ಲಿ?"

"ಇಲ್ಲ ಸಾರ್! ಇಲ್ದೇನೇ ಓಡ್ತು!" ಡು ಎದೆಯುಬ್ಬಿಸಿದ.

"ನಮ್ ಕೋಣೇಲಿ ಪೊಟ್ಟಣ ಇಟ್ಟ ಮೇಲೇನೇ ಯಂತ್ರ ಚಾಲೂ ಆಯ್ತು ಅಂತ ಲೆಕ್ಕ. ಪೊಟ್ಟಣ ಇಲ್ಲ ಅಂದ್ರೆ ಅದಿನ್ನೂ ಜೋಡಿಸ್ತಾ ಇರೋ ಮಾಲು. ರಾತ್ರಿ ಪಾಳಿಯೋರು ನೋಡಿದ್ರೆ ಪ್ಲಗ್ ಕಿತ್ತು ಮೂಲೆಗಿಡ್ತಾರೆ."

"ಆದ್ರೆ ಸಾರ್, ಅವರ ಪೆಟ್ಟಿಗೆ ನಿಂತೋಯ್ತು! ನಮ್ದು ಓಡ್ತು!"

"ಅವರದ್ದು ಶುರುವಾಗಿ ನಿಂತಿದೆ. ನಿನ್ದು ಶುರುವೇ ಆಗದೆ ಓಡಿದೆ. ಶುರುವಾಗದೇ ಇರೋದನ್ನ ನಾನು ಪಾಸ್ ಮಾಡೋದು ಹೇಗಪ್ಪ?" ಜುವಾಂಗ್ ಕನ್ನಡಕ ಒರೆಸಿಕೊಂಡರು. "ಪರೀಕ್ಷೆ ರದ್ದು. ಮೂರೂ ಜನ ನಾಳೆ ಬೆಳಿಗ್ಗೆ ಮತ್ತೆ ಬನ್ನಿ."

ಗಾವ್ ಡುವಿನ ಬೆನ್ನು ತಟ್ಟಿದ. "ಮೂಲೇಲಿ ಒಂದೇ ಒಂದು, ಅಂದ್ಯಲ್ಲ? ಒಳ್ಳೇ ಸಲಹೆ ಕಣೋ. ತಗೋ ಸಂಬಳ," ಎಂದು ರಾಶಿಯಿಂದ ಒಂದು ಹಸಿರು ಪೊಟ್ಟಣವನ್ನು ಅವನತ್ತ ಎಸೆದು ಹೋದ.

ಡು ಅದನ್ನು ತಿರುಗಿ ಎಸೆಯಲು ಕೈ ಎತ್ತಿದ. ಫೆನಕ್ಕ ತಡೆದಳು.

"ಬೇಡ. ಅವರ ಪೊಟ್ಟಣ ಇಟ್ಕೊಂಡೇ ಅವರನ್ನ ಸೋಲಿಸೋಣ. ಇವತ್ತು ಇಲ್ದೇ ಗೆದ್ವಿ, ನಾಳೆ ಇಟ್ಟು ಗೆಲ್ತೀವಿ. ಕೊಡಿಲ್ಲಿ, ನಿನ್ ಕೈಲಿದ್ರೆ ಮತ್ತೆ ತಿಂದ್‌ಬಿಡ್ತೀಯ."

"ನಾನ್ ತಿಂದಿಲ್ಲ ಫೆನಕ್ಕ!"

"ಸರಿ ಸರಿ, ನಡಿ."

ಸ್ಕೂಟರ್ ಹೊರಟಿತು. ಹಿಂದೆ ಕೂತ ಫೆನಕ್ಕ ಪೊಟ್ಟಣವನ್ನು ಮಗುವಿನಂತೆ ಎದೆಗವಚಿಕೊಂಡು ಗಾಳಿಗೆ ಎದುರಾಗಿ ಘೋಷಿಸುತ್ತಲೇ ಇದ್ದಳು. "ತಿಮಿಂಗಿಲ ಅಂತೆ ತಿಮಿಂಗಿಲ! ನಾಳೆ ಬೆಳಿಗ್ಗೆ ಮೊದಲು ನಮ್ ಪೆಟ್ಟಿಗೆ ಸ್ವಿಚ್ಚು. ಆಮೇಲೆ ಆ ಜುವಾಂಗ್ ಕಣ್ಣೆದುರಿಗೇ ಪೊಟ್ಟಣ ಇಟ್ಟು..." ಮಾತು ನಿಂತಿತು. ಅವಳು ಆಳವಾದ ಯೋಚನೆಗೆ ಇಳಿದಿದ್ದಳು.

ಕೆಂಪು ದೀಪಕ್ಕೆ ಸ್ಕೂಟರ್ ನಿಂತಾಗ ಡುವಿನ ಬೆನ್ನ ಹಿಂದೆ ಚರ್ರನೆ ಏನೋ ಹರಿದ ಸದ್ದು. ಅದರ ಹಿಂದೆಯೇ, ನಿಧಾನವಾಗಿ, ಯೋಚನಾಮಗ್ನವಾಗಿ: ಕುರುಂ, ಕುರುಂ, ಕುರುಂ.